ಹಳೇ ಅರಮನೆಯಲ್ಲಿ ಶಾಲೆ ನಡೆಸಿದರೆ ಕಟ್ಟಡ ಹಾಳಾಗುವುದಿಲ್ಲವೇ?

ಪ್ರಶ್ನೆ: ಜರ್ಮನಿಯ ವೋಲ್ಫೆನ್‌ಬ್ಯೂಟೆಲ್ ಊರಿನ ರಿನೈಸಾನ್ಸ್ (ಯುರೋಪಿನ ಪುನರುಜ್ಜೀವನ) ಕಾಲದ ಅರಮನೆಯಲ್ಲಿ ಈಗ ಹೈಸ್ಕೂಲು ನಡೆಯುತ್ತಿದೆಯಂತೆ. ಅದನ್ನು ಪೂರ್ತಿ ಮ್ಯೂಸಿಯಂ ಮಾಡಬಹುದಿತ್ತಲ್ವಾ?

ಉತ್ತರ: ಒಂದು ಭಾಗ ಮ್ಯೂಸಿಯಂ ಆಗಿಯೇ ಇದೆ. ಉಳಿದ ಭಾಗದಲ್ಲಿ ಶಾಲೆ ಇರುವುದು ಒಳ್ಳೆಯದೇ ಆಯಿತು ಅಂತ ನನಗನಿಸುತ್ತದೆ. ಇಂಥ ಕಟ್ಟಡಕ್ಕೆ ಮಕ್ಕಳಿಗಿಂತ ದೊಡ್ಡ ಅಪಾಯ ಬೀಗ.

ಯಾಕೆ ಅಂತ ಅದರ ಮುಂಭಾಗ ನೋಡಿದರೆ ತಿಳಿಯುತ್ತದೆ. ದೂರದಿಂದ ಅದು ಕಲ್ಲಿನ ಗೋಡೆಯಂತೆ ಕಾಣುತ್ತದೆ. ಆದರೆ 18ನೇ ಶತಮಾನದ ಆರಂಭದಲ್ಲಿ ಹರ್ಮನ್ ಕೋರ್ಬ್ ಎಂಬ ವಾಸ್ತುಶಿಲ್ಪಿ ಹಳೇ ಕಟ್ಟಡಕ್ಕೆ ತೊಡಿಸಿದ ಈ ಮುಖ ನಿಂತಿರುವುದು ಮರದ ಚೌಕಟ್ಟಿನ ಮೇಲೆ. ಮರಕ್ಕೆ ತೇವ ಹಿಡಿದರೆ, ಹುಳ ಬಿದ್ದರೆ ಬೇಗ ಗೊತ್ತಾಗಬೇಕು. ದಿನಾ ಜನ ಓಡಾಡುವ ಕಡೆ ಸೂರು ಸೋರಿದರೆ ಅವತ್ತೇ ಯಾರಾದರೂ ನೋಡುತ್ತಾರೆ. ಬೀಗ ಹಾಕಿದ ಕೋಣೆಯಲ್ಲಿ ಯಾರು ನೋಡಬೇಕು? ಪಕ್ಕದ ಎತ್ತರದ ಗೋಪುರ ಮಾತ್ರ ಇನ್ನೂ ಹಳೆಯದು, 1613ರ ಅಪ್ಪಟ ರಿನೈಸಾನ್ಸ್ ಕೆಲಸ.

ಈ ಅರಮನೆ ಖಾಲಿತನವನ್ನೂ ಕಂಡಿದೆ. 1750ರ ದಶಕದಲ್ಲಿ ಇಲ್ಲಿಂದ ಆಳುತ್ತಿದ್ದ ಡ್ಯೂಕ್ ಮನೆತನ ಆಸ್ಥಾನವನ್ನು ಪಕ್ಕದ ಬ್ರೌನ್‌ಶ್ವೈಗ್‌ಗೆ ಸಾಗಿಸಿತು. ಊರಿನ ಪ್ರಸಿದ್ಧ ಗ್ರಂಥಾಲಯಕ್ಕೆ 1770ರಲ್ಲಿ ಗ್ರಂಥಪಾಲಕನಾಗಿ ಬಂದ ನಾಟಕಕಾರ ಲೆಸ್ಸಿಂಗ್‌ಗೆ ಮೊದಲು ಸಿಕ್ಕಿದ್ದು ಈ ಬಿಕೋ ಎನ್ನುವ ಅರಮನೆಯ ಕೋಣೆಗಳೇ.

ಶಾಲೆಯ ಕಥೆ 1866ರದ್ದು. ಅನ್ನಾ ಫೋರ್ವೆರ್ಕ್ ಎಂಬಾಕೆ ಹುಡುಗಿಯರಿಗಾಗಿ ಶಾಲೆ ತೆರೆದರು. ಮುಂದೆ ಶಿಕ್ಷಕಿಯರನ್ನೂ ತಯಾರು ಮಾಡಿದರು. ಆಗಿನ ಜರ್ಮನಿಯಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಓದಿದವರಿಗೆ ಗೌರವದಿಂದ ದುಡಿದು ತಿನ್ನಲು ಇದ್ದ ಕೆಲವೇ ದಾರಿಗಳಲ್ಲಿ ಪಾಠ ಹೇಳುವುದೂ ಒಂದು. ಡ್ಯೂಕ್‌ಗಳು ಬಿಟ್ಟುಹೋದ ಜಾಗದಲ್ಲಿ ಹುಡುಗಿಯರು ಓದಿ ಸ್ವಂತ ಕಾಲ ಮೇಲೆ ನಿಂತರು. ಅರಮನೆಯ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಈಗ ಅಲ್ಲಿ ಹುಡುಗ ಹುಡುಗಿಯರು ಒಟ್ಟಿಗೆ ಕಲಿಯುತ್ತಾರೆ.

ಹಾಗಂತ ನಷ್ಟವೇ ಇಲ್ಲ ಎನ್ನಲಾಗದು. ಶಾಲೆ ಅಂದಮೇಲೆ ವೈರಿಂಗ್, ಶೌಚಾಲಯ, ಬೆಂಕಿ ಬಿದ್ದರೆ ಹೊರಗೋಡುವ ದಾರಿ ಎಲ್ಲ ಬೇಕು. ಹಳೇ ಕೋಣೆಗಳನ್ನು ಇದ್ದ ಹಾಗೇ ಇಡಲು ಆಗುವುದಿಲ್ಲ. ಅದಕ್ಕೇ ಡ್ಯೂಕ್‌ಗಳ ಕೋಣೆಗಳನ್ನು ಮ್ಯೂಸಿಯಂಗೆ ಬಿಟ್ಟಿರುವುದು ಸರಿ. ಅಲ್ಲಿಗೆ ಹೋದರೆ ಆ ಕೋಣೆಗಳನ್ನು ನೋಡಿ. ತರಗತಿಗಳ ಕಡೆ ಸುಮ್ನೆ ನುಗ್ಗಬೇಡಿ, ಪಾಠ ನಡೆಯುತ್ತಿರುತ್ತದೆ.