ಬ್ರಷ್ ಮುಟ್ಟದ ಗೋಡೆಗಳು

ಐದಾರು ವರ್ಷದ ಮಗುವಿನ ಹಾಲುಹಲ್ಲುಗಳ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರೆ ಹಲ್ಲಿನ ಹೊರಕವಚವಾದ ಎನಾಮಲ್ ತೆಳುವಾದ ಬಿಳಿ ಅಂಚಿನಂತೆ ಕಾಣುತ್ತದೆ. ಹುಳುಕು ಹಿಡಿಯಲು ಶುರುವಾಗಿದ್ದರೆ, ಎರಡು ದವಡೆ ಹಲ್ಲುಗಳು ಒಂದಕ್ಕೊಂದು ಒತ್ತಿಕೊಂಡಿರುವ ಜಾಗದಿಂದ ತುಸು ಒಸಡಿನ ಕಡೆಗೆ, ಆ ಬಿಳಿ ಅಂಚಿನಲ್ಲಿ ಒಂದು ಸಣ್ಣ ಕಪ್ಪು ತ್ರಿಕೋನ ಇರುತ್ತದೆ. ತ್ರಿಕೋನದ ಅಗಲವಾದ ತಳ ಹೊರಕ್ಕೆ, ಚೂಪಾದ ತುದಿ ಒಳಕ್ಕೆ. ಎದುರಿಗಿರುವ ಹಲ್ಲಿನಲ್ಲೂ ಎಷ್ಟೋ ಸಲ ಅಂಥದೇ ಇನ್ನೊಂದು. ಅದೇ ಮಗುವಿನ ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿ, ಏನೂ ಕಾಣುವುದಿಲ್ಲ. ಮೇಲಿನಿಂದ ಹಲ್ಲು ಬೆಳ್ಳಗೆ, ಗಟ್ಟಿಯಾಗಿಯೇ ಇರುತ್ತದೆ. "ದಿನಾ ಎರಡು ಹೊತ್ತು ಉಜ್ಜಿಸುತ್ತೇವಲ್ಲ ಡಾಕ್ಟರೇ" ಎಂದು ತಂದೆ ತಾಯಿ ಹೇಳುವ ಮಾತು ಸುಳ್ಳಲ್ಲ. ಆದರೆ ಉಜ್ಜಿದ್ದು ಬೇರೆ ಕಡೆ.

ದವಡೆ ಹಲ್ಲಿಗೆ ಐದು ಮುಖಗಳು: ಕೆನ್ನೆಯ ಕಡೆಗೊಂದು, ನಾಲಿಗೆಯ ಕಡೆಗೊಂದು, ಅಗಿಯುವ ಮೇಲ್ಮೈ ಒಂದು. ಉಳಿದ ಎರಡು ಪಕ್ಕದ ಹಲ್ಲುಗಳಿಗೆ ಮುಖಮಾಡಿ ನಿಂತ ಗೋಡೆಗಳು. ಬ್ರಷ್ಷಿನ ಎಳೆಗಳು ಮೊದಲ ಮೂರಕ್ಕೆ ಸಲೀಸಾಗಿ ತಲುಪುತ್ತವೆ, ಕೊನೆಯ ಎರಡಕ್ಕೆ ತಲುಪುವುದೇ ಇಲ್ಲ. ಅಲ್ಲಿಗೆ ಬೇಕಾದದ್ದು ಸಂದಿನಲ್ಲಿ ಆಡಿಸುವ ದಾರ, ಅಂದರೆ ಫ್ಲಾಸ್. ಮಕ್ಕಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಮುಂದಿನ ಹಾಲುಹಲ್ಲುಗಳ ನಡುವೆ ಸಾಮಾನ್ಯವಾಗಿ ಸಂದು ಇರುತ್ತದೆ. ಹಿಂದಿನ ಎರಡು ದವಡೆ ಹಲ್ಲುಗಳು ಮಾತ್ರ ಮೂರು ನಾಲ್ಕು ವರ್ಷದ ಹೊತ್ತಿಗೆ ಅಗಲವಾಗಿ, ಚಪ್ಪಟೆಯಾಗಿ ಒಂದನ್ನೊಂದು ಅಂಟಿಕೊಂಡುಬಿಡುತ್ತವೆ. ಅಲ್ಲಿನ ಎನಾಮಲ್‌ನ ದಪ್ಪ ಹೆಚ್ಚೆಂದರೆ ಒಂದು ಮಿಲಿಮೀಟರ್ ಆಸುಪಾಸು, ಕಾಯಂ ಹಲ್ಲಿನದಕ್ಕೆ ಹೋಲಿಸಿದರೆ ಸುಮಾರು ಅರ್ಧ. ಹುಳುಕು ಅದನ್ನು ದಾಟಿ ಒಳಗಿನ ನರದವರೆಗೆ ಹೋಗಲು ಹೆಚ್ಚು ಕಾಲ ಬೇಕಿಲ್ಲ.

"ಹೇಗೂ ಬಿದ್ದುಹೋಗುವ ಹಲ್ಲು ತಾನೇ" ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಎಷ್ಟು ಸಲೀಸಾಗಿ ಆಡುತ್ತೇವೆ! ಎರಡನೆಯ ಹಾಲು ದವಡೆ ಹಲ್ಲು ಬೀಳುವುದು ಹತ್ತರಿಂದ ಹನ್ನೆರಡನೆಯ ವಯಸ್ಸಿಗೆ. ಅಲ್ಲಿಯವರೆಗೆ ಮಗು ಅನ್ನ, ಚಪಾತಿ, ಚಕ್ಕುಲಿ ಎಲ್ಲವನ್ನೂ ಅಗಿಯಬೇಕಾದದ್ದು ಅದರಲ್ಲೇ. ಅದರ ಕೆಳಗೆ ಬೆಳೆಯುತ್ತಿರುವ ಕಾಯಂ ಹಲ್ಲಿಗೆ ಜಾಗ ಕಾದಿರಿಸುವುದೂ ಅದೇ. ಆರನೆಯ ವಯಸ್ಸಿಗೆ ಅದರ ಹಿಂದೆ ಮೊದಲ ಕಾಯಂ ದವಡೆ ಹಲ್ಲು ಹುಟ್ಟುತ್ತದೆ. ಹುಳುಕು ಹಿಡಿದ ಹಾಲುಹಲ್ಲನ್ನು ಬೇಗನೆ ಕಿತ್ತರೆ ಈ ಹೊಸ ಹಲ್ಲು ಮುಂದಕ್ಕೆ ಜರುಗಿ ಆ ಜಾಗವನ್ನು ಆಕ್ರಮಿಸುತ್ತದೆ. ಮುಂದೆ ಹದಿನಾಲ್ಕರಲ್ಲಿ ಹಲ್ಲಿಗೆ ತಂತಿ ಹಾಕಿಸುವ ಕೆಲವು ಮಕ್ಕಳ ಕಥೆ ಶುರುವಾಗುವುದೇ ಹೀಗೆ.

ಆ ಗೋಡೆಗಳ ಮೇಲೆ ನಡೆಯುವುದೇನು? ಹಲ್ಲಿನ ಸಂದಿನಲ್ಲಿ ಸಿಕ್ಕಿಕೊಂಡ ಆಹಾರವೇ ಕೊಳೆತು ಹುಳುಕಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ನುಗ್ಗೇಕಾಯಿಯ ನಾರೋ ಮಾವಿನ ನಾರೋ ಸಿಕ್ಕಿಕೊಂಡಾಗ ನಾಲಿಗೆ ಪದೇಪದೇ ಅಲ್ಲಿಗೇ ಹೋಗುತ್ತದೆ, ನಾವು ಅದನ್ನು ಹೇಗಾದರೂ ತೆಗೆದು ನಿರಾಳರಾಗುತ್ತೇವೆ. ನಿಜವಾದ ತೊಂದರೆ ನಾಲಿಗೆಗೆ ತಿಳಿಯದ ಪದರದ್ದು. 1683ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್ ಊರಿನ ಆಂಟನಿ ವಾನ್ ಲೇವೆನ್‌ಹುಕ್ ತನ್ನ ಹಲ್ಲಿನ ನಡುವಿನ ಬಿಳಿ ಜಿಗುಟನ್ನು ಕೆರೆದು ತಾನೇ ಮಾಡಿದ ಸೂಕ್ಷ್ಮದರ್ಶಕದಡಿ ಇಟ್ಟ. ಅಲ್ಲಿ ಓಡಾಡುತ್ತಿದ್ದ ಜೀವಿಗಳನ್ನು ವರ್ಣಿಸಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಇಂದು ಅದನ್ನು ಪ್ಲಾಕ್ ಎನ್ನುತ್ತೇವೆ. ಕಲ್ಯಾಣಿಯ ಮೆಟ್ಟಿಲಿಗೆ ಹಿಡಿದ ಪಾಚಿಯ ಹಾಗೆ ಇದು. ನೀರೆರಚಿದರೆ ಹೋಗುವುದಿಲ್ಲ, ತಿಕ್ಕಿಯೇ ತೆಗೆಯಬೇಕು. ಊಟವಾದ ಮೇಲೆ ಬಾಯಿ ಮುಕ್ಕಳಿಸುವ ನಮ್ಮ ಹಳೆಯ ರೂಢಿ ಒಳ್ಳೆಯದೇ, ಆದರೆ ಈ ಪದರ ಅದಕ್ಕೆ ಜಗ್ಗುವುದಿಲ್ಲ.

ಸಕ್ಕರೆ ಸಿಕ್ಕಿದ ಕೆಲವೇ ನಿಮಿಷಗಳಲ್ಲಿ ಈ ಪದರದ ಬ್ಯಾಕ್ಟೀರಿಯಾಗಳು ಆಮ್ಲ ಹೊರಬಿಡುತ್ತವೆ. ಆಮ್ಲ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಮಟ್ಟ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಹೊರಬರುತ್ತವೆ. ಜೊಲ್ಲು ಪಿಎಚ್ ಮಟ್ಟವನ್ನು ಮತ್ತೆ ಮೇಲಕ್ಕೆ ತರಲು ಅರ್ಧ ಗಂಟೆಯೋ ಒಂದು ಗಂಟೆಯೋ ಹಿಡಿಯುತ್ತದೆ. ತೆರೆದ ಮುಖಗಳಿಗೆ ಜೊಲ್ಲು ಬೇಗ ತಲುಪುತ್ತದೆ. ಇಕ್ಕಟ್ಟಾದ ಸಂದಿಗೆ ತಡವಾಗಿ ತಲುಪುತ್ತದೆ. ಹೀಗಾಗಿ ಒಂದು ಬಿಸ್ಕತ್ತಿನಿಂದ ಆಗುವ ನಷ್ಟ ಹಲ್ಲಿನ ಎಲ್ಲ ಮುಖಗಳಿಗೂ ಒಂದೇ ಅಲ್ಲ. ಸಮಾಧಾನದ ಸಂಗತಿಯೆಂದರೆ, ಮೇಲ್ಮೈ ಕುಸಿದು ಗುಳಿ ಬೀಳುವ ಮೊದಲು ಪದರವನ್ನು ದಿನವೂ ತೆಗೆದು, ಫ್ಲೋರೈಡ್ ಇರುವ ಪೇಸ್ಟ್ ಬಳಸುತ್ತಾ ಬಂದರೆ ಕರಗಿದ ಖನಿಜ ಮರಳಿ ಕೂಡಿಕೊಳ್ಳಬಲ್ಲದು. ಎಕ್ಸ್‌ರೇಯ ಆ ಸಣ್ಣ ತ್ರಿಕೋನ ಅಲ್ಲಿಗೇ ನಿಲ್ಲಬಹುದು.

ಒಸಡಿನ ವಿಷಯದಲ್ಲಿ ಸಾಕ್ಷ್ಯ ಇನ್ನೂ ನೇರವಾಗಿದೆ. 1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಂತರಾದ ಹನ್ನೆರಡು ಜನರಿಗೆ ಹಲ್ಲು ಉಜ್ಜುವುದನ್ನು ಪೂರ್ತಿ ನಿಲ್ಲಿಸಲು ಹೇಳಿದರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಎಲ್ಲರ ಒಸಡೂ ಕೆಂಪಾಗಿ ಊದಿಕೊಂಡಿತು. ಮತ್ತೆ ಉಜ್ಜಲು ಹೇಳಿದಾಗ ಸುಮಾರು ಒಂದು ವಾರದಲ್ಲಿ ಎಲ್ಲವೂ ಮೊದಲಿನಂತಾಯಿತು. ಒಸಡಿನ ಉರಿಯೂತಕ್ಕೆ ಕಾರಣ ಪ್ಲಾಕ್ ಎಂಬುದು ಅಂದು ಸಿದ್ಧವಾಯಿತು. ಅದು ವರ್ಷಗಟ್ಟಲೆ ಹಾಗೆಯೇ ಉಳಿದರೆ ಕೆಲವರಲ್ಲಿ ಹಲ್ಲನ್ನು ಹಿಡಿದಿರುವ ಮೂಳೆಯೇ ಕರಗುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಜೋರು. ಒಸಡಿನ ರೋಗ ಜೋರಾದಷ್ಟೂ ಸಕ್ಕರೆಯನ್ನು ಹತೋಟಿಯಲ್ಲಿಡುವುದೂ ಕಷ್ಟ. ದಂತಪಂಕ್ತಿ ಕಟ್ಟಿಸಿಕೊಳ್ಳಲು ಬರುವ ಎಷ್ಟೋ ಹಿರಿಯರ ಹಲ್ಲು ಹೋದದ್ದು ಹುಳುಕಿನಿಂದಲ್ಲ, ಹೀಗೆ ಬುಡ ಸಡಿಲವಾಗಿ.

ಸಂದಿನಲ್ಲಿ ದಾರ ಆಡಿಸುವ ಸಲಹೆ ಹೊಸದೇನಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ದಂತವೈದ್ಯ ಲೆವಿ ಸ್ಪಿಯರ್ ಪಾರ್ಮ್‌ಲಿ 1819ರಲ್ಲಿ ಮೇಣ ಸವರಿದ ರೇಷ್ಮೆ ದಾರ ಬಳಸಿರೆಂದು ಬರೆದ. 1940ರ ದಶಕದಲ್ಲಿ ರೇಷ್ಮೆಯ ಜಾಗಕ್ಕೆ ನೈಲಾನ್ ಬಂತು. ಈಗ ಔಷಧಿ ಅಂಗಡಿಯಲ್ಲಿ ಸಿಗುವ ಪುಟ್ಟ ಡಬ್ಬಿಯ ಫ್ಲಾಸ್ ಅದರದೇ ಮುಂದುವರಿಕೆ. ದೇಶದಲ್ಲೇ ಅತಿ ಹೆಚ್ಚು ದಂತವೈದ್ಯಕೀಯ ಕಾಲೇಜುಗಳಿರುವ ರಾಜ್ಯ ನಮ್ಮದು. ಹಾಗಿದ್ದೂ ನಮ್ಮ ಹೆಚ್ಚಿನ ಮನೆಗಳ ಬಚ್ಚಲಿನಲ್ಲಿ ಆ ಡಬ್ಬಿ ಕಾಣುವುದಿಲ್ಲ. ಕಾಣುವುದು ಸೆರಗಿನ ಪಿನ್ನು, ಬೆಂಕಿಕಡ್ಡಿ, ಇಲ್ಲವೇ ಪೊರಕೆಯ ಕಡ್ಡಿ. ಇವು ನಾರನ್ನು ತೆಗೆಯುತ್ತವೆ, ಜೊತೆಗೆ ಒಸಡನ್ನೂ ಚುಚ್ಚುತ್ತವೆ. ಪದರವನ್ನು ಮುಟ್ಟುವುದಿಲ್ಲ.

2016ರಲ್ಲಿ ಫ್ಲಾಸ್ ಬಗ್ಗೆ ದೊಡ್ಡ ಗದ್ದಲವೆದ್ದಿತು. ಅಮೆರಿಕ ಸರ್ಕಾರದ ಆಹಾರ ಮಾರ್ಗಸೂಚಿಯ ಹೊಸ ಆವೃತ್ತಿಯಲ್ಲಿ ಫ್ಲಾಸ್ ಸಲಹೆ ಕಾಣೆಯಾಗಿತ್ತು. ಅದರ ಪರವಾದ ಪುರಾವೆ ದುರ್ಬಲವೆಂದು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ವರದಿ ಮಾಡಿತು. ವರದಿ ತಪ್ಪಾಗಿರಲಿಲ್ಲ. ಹೆಚ್ಚಿನ ಅಧ್ಯಯನಗಳು ಚಿಕ್ಕವು, ಕೆಲವೇ ತಿಂಗಳು ನಡೆದವು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2019ರ ವಿಮರ್ಶೆ ಕೂಡ ಬ್ರಷ್ ಜೊತೆಗೆ ಫ್ಲಾಸ್ ಬಳಸಿದರೆ ಒಸಡಿನ ಉರಿಯೂತ ಕಡಿಮೆಯಾಗಬಹುದು ಎಂದಷ್ಟೇ ಹೇಳಿತು, ಅದೂ ಪುರಾವೆಯ ಖಚಿತತೆ ಕಡಿಮೆ ಎಂಬ ಎಚ್ಚರಿಕೆಯೊಂದಿಗೆ. ಇದನ್ನು ಓದಿ "ಹಾಗಾದರೆ ಬೇಡ" ಎಂದು ಡಬ್ಬಿಯನ್ನು ಪಕ್ಕಕ್ಕಿಟ್ಟವರಿದ್ದಾರೆ. ಅವರು ಇನ್ನೊಂದು ಅಧ್ಯಯನವನ್ನೂ ನೋಡಬೇಕಿತ್ತು ಎಂಬುದು ನನ್ನ ಆಸೆ.

2006ರಲ್ಲಿ ಫಿಲಿಪ್ ಹುಜೋಲ್ ಮತ್ತು ಸಂಗಡಿಗರು ಫ್ಲಾಸ್ ಮತ್ತು ಹುಳುಕಿನ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಹದಿಹರೆಯಕ್ಕೆ ಕಾಲಿಡುತ್ತಿದ್ದ ಮಕ್ಕಳು ತಾವೇ ಎರಡು ವರ್ಷ ಫ್ಲಾಸ್ ಮಾಡಿಕೊಂಡ ಪ್ರಯೋಗದಲ್ಲಿ ಹುಳುಕು ಕಡಿಮೆಯಾಗಿರಲಿಲ್ಲ. ಮೂರು ತಿಂಗಳಿಗೊಮ್ಮೆ ತಜ್ಞರು ಮಾಡಿದಾಗಲೂ ಪ್ರಯೋಜನವಿರಲಿಲ್ಲ. ಆದರೆ ಇನ್ನೂ ಹೆಚ್ಚಾಗಿ ಹಾಲುಹಲ್ಲುಗಳೇ ಇದ್ದ ಮಕ್ಕಳಿಗೆ ತರಬೇತಿ ಪಡೆದವರು ಶಾಲೆಯಿರುವ ಪ್ರತಿದಿನ, 1.7 ವರ್ಷ ಕಾಲ ಫ್ಲಾಸ್ ಮಾಡಿದಾಗ ಹುಳುಕಿನ ಅಪಾಯ ಶೇಕಡ 40ರಷ್ಟು ಇಳಿಯಿತು. ದಾರ ಅದೇ. ಮಕ್ಕಳ ವಯಸ್ಸಿನ ಜೊತೆಗೆ ಬದಲಾದದ್ದು ಕೈ ಯಾರದು, ದಿನವೂ ಆಯಿತೇ ಎಂಬುದು. ಮನೆಗೆ ದಿನವೂ ತಜ್ಞರು ಬರಲಾರರು. ಎಂಟು ಹತ್ತು ವರ್ಷದವರೆಗೆ ಮಗುವಿನ ಕೈಗೆ ಆ ಚಳಕ ಬರುವುದಿಲ್ಲ. ಉಳಿಯುವುದು ತಂದೆ ತಾಯಿಯ ಕೈ. ಅದು ಆ ತಜ್ಞರ ಕೈಯಷ್ಟೇ ಕೆಲಸ ಮಾಡುತ್ತದೆ ಎಂದು ಈ ಅಧ್ಯಯನ ಹೇಳುವುದಿಲ್ಲ ನಿಜ, ಆದರೆ ಕಲಿತರೆ ಅದಕ್ಕೆ ಅತಿ ಹತ್ತಿರದ ಕೈ ಅದೇ. ಫ್ಲಾಸನ್ನು ಒಬ್ಬೊಬ್ಬರ ಶಿಸ್ತು ಎಂದು ನೋಡುವುದನ್ನು ಬಿಟ್ಟು ಮನೆಮಂದಿಯ ಕೆಲಸ ಎಂದು ನೋಡಬೇಕು ಎನ್ನುವುದು ಇದಕ್ಕೇ.

ಹುಳುಕನ್ನು ಉಂಟುಮಾಡುವುದರಲ್ಲಿ ಮುಂದಿರುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾ ಕೂಡ ಮನೆಯೊಳಗಿನಿಂದಲೇ ಬರುತ್ತದೆ. ಹೆಚ್ಚಾಗಿ ತಾಯಿಯ ಜೊಲ್ಲಿನಿಂದ, ಕೆಲವೊಮ್ಮೆ ತಂದೆಯಿಂದ, ಒಡಹುಟ್ಟಿದವರಿಂದ. ರಾಗಿ ಸರಿಯ ಬಿಸಿ ನೋಡಲು ಅಮ್ಮ ಅದೇ ಚಮಚವನ್ನು ತನ್ನ ಬಾಯಿಗಿಟ್ಟು ಮಗುವಿಗೆ ತಿನ್ನಿಸುವುದು ದಿನನಿತ್ಯದ ಮಾತು. ಫಿನ್ಲೆಂಡಿನ ಯಲಿವಿಯೆಸ್ಕ ಪಟ್ಟಣದಲ್ಲಿ ಬಾಯಿಯಲ್ಲಿ ಈ ಬ್ಯಾಕ್ಟೀರಿಯಾ ಹೆಚ್ಚಿದ್ದ ತಾಯಂದಿರನ್ನು ಆಯ್ದು, ಕೆಲವರಿಗೆ ಸಕ್ಕರೆಗೆ ಬದಲಾಗಿ ಬಳಸುವ ಜೈಲಿಟಾಲ್ ಎಂಬ ಸಿಹಿ ಸೇರಿಸಿದ ಚ್ಯೂಯಿಂಗ್ ಗಮ್ ಕೊಟ್ಟರು. ಇನ್ನು ಕೆಲವರ ಹಲ್ಲಿಗೆ ಫ್ಲೋರೈಡ್ ವಾರ್ನಿಷ್ ಬಳಿದರು. ಮಕ್ಕಳಿಗೆ ಏನನ್ನೂ ಕೊಡಲಿಲ್ಲ. ಎರಡು ವರ್ಷ ತುಂಬಿದಾಗ ಮೊದಲ ಗುಂಪಿನ ಮಕ್ಕಳಲ್ಲಿ ಶೇಕಡ 9.7ರಷ್ಟು ಮಂದಿಯಲ್ಲಿ ಮಾತ್ರ ಈ ಬ್ಯಾಕ್ಟೀರಿಯಾ ಕಂಡುಬಂತು, ಎರಡನೆಯ ಗುಂಪಿನಲ್ಲಿ ಶೇಕಡ 48.5ರಷ್ಟು. ತಾಯಿಯ ಬಾಯಿಯ ಸ್ಥಿತಿ ಮಗುವಿನ ಬಾಯಿಯನ್ನು ಇಷ್ಟರಮಟ್ಟಿಗೆ ರೂಪಿಸುತ್ತದೆ. ಮಗುವಿಗೆ ಮುತ್ತಿಡಲು ಹೆದರಬೇಕಿಲ್ಲ. ಬಸುರಿ ಬಾಣಂತಿಯರ ಹುಳುಕು ಹಲ್ಲಿನ ಚಿಕಿತ್ಸೆಯನ್ನು "ಆಮೇಲೆ ನೋಡೋಣ" ಎಂದು ಮುಂದೂಡದಿರುವುದು ಮುಖ್ಯ.

ನನ್ನ ಅಕ್ಕ, ಭಾವ ಇಬ್ಬರೂ ದಂತವೈದ್ಯರು. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಕೆಳಗೆ ಕ್ಲಿನಿಕ್, ಮೇಲೆ ಮನೆ. ಮಕ್ಕಳಿಬ್ಬರು ಶಾಲೆ ಬಿಟ್ಟು ಬಂದು ರೋಗಿಗಳು ಕಾಯುವ ಬೆಂಚಿನ ಮೇಲೆಯೇ ಹೋಂವರ್ಕ್ ಮಾಡುತ್ತಾ ಬೆಳೆದವರು. ರಾತ್ರಿ ಊಟವಾದ ಮೇಲೆ ಚಿಕ್ಕವನು ದಿವಾನದ ಮೇಲೆ ಅಕ್ಕನ ತೊಡೆಗೆ ತಲೆಯಿಟ್ಟು ಮಲಗುತ್ತಾನೆ. ಅಕ್ಕ ಅವನ ತಲೆಯ ಹಿಂದಿನಿಂದ ಬಾಗಿ ನೋಡುವುದರಿಂದ ಹಿಂದಿನ ಹಲ್ಲುಗಳು ನೇರವಾಗಿ ಕಾಣುತ್ತವೆ. ಎಂಟು ದವಡೆ ಹಲ್ಲುಗಳ ನಡುವೆ ನಾಲ್ಕು ಸಂದು, ಒಂದೆರಡು ನಿಮಿಷದ ಕೆಲಸ. ದಾರ ಹೊರಬಂದ ಕೂಡಲೇ ಅವನು ಅದನ್ನು ಇಸಿದುಕೊಂಡು ಮೂಸಿ ನೋಡುತ್ತಾನೆ. ಇದು ಆಟವಲ್ಲ, ಬಾಯಿಯ ದುರ್ವಾಸನೆ ಎಲ್ಲಿಂದ ಬರುತ್ತಿದೆ ಎಂದು ಪತ್ತೆಹಚ್ಚಲು ದಂತವೈದ್ಯರೂ ಬಳಸುವ ಉಪಾಯ. ಸಂದಿನ ಬ್ಯಾಕ್ಟೀರಿಯಾಗಳು ಬಿಡುವ ಗಂಧಕದ ಅನಿಲ ದಾರದಲ್ಲಿ ಉಳಿದಿರುತ್ತದೆ. ರಜೆಗೆಂದು ಅಜ್ಜಿಯ ಮನೆಗೆ ಹೋಗಿ ಫ್ಲಾಸ್ ತಪ್ಪಿಸಿ ಬಂದ ಮೇಲೆ ಅವನೇ ಮೂಗು ಮುರಿದು "ಇವತ್ತು ನಾತ" ಎಂದು ಘೋಷಿಸುತ್ತಾನೆ. ಹುಳುಕು, ರೂಟ್ ಕೆನಾಲ್ ಎಂದು ಹೆದರಿಸುವುದಕ್ಕಿಂತ ಆ ಒಂದು ವಾಸನೆಯಿಂದ ಅವನು ಹೆಚ್ಚು ಕಲಿತಿದ್ದಾನೆ ಎಂಬುದು ಅಕ್ಕನ ಅಭಿಪ್ರಾಯ, ನನ್ನದೂ.

ಕೈಚಳಕ ಕಷ್ಟದ್ದಲ್ಲ, ಆದರೆ ಸರಿಯಾಗಿ ಕಲಿಯಬೇಕು. ಸುಮಾರು 45 ಸೆಂಟಿಮೀಟರ್ ದಾರ ಕತ್ತರಿಸಿ ಎರಡೂ ಕೈಗಳ ನಡುಬೆರಳಿಗೆ ಸುತ್ತಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಎರಡು ಮೂರು ಸೆಂಟಿಮೀಟರಿನಷ್ಟನ್ನು ಬಿಗಿಯಾಗಿ ಹಿಡಿಯಬೇಕು. ಸಂದಿನೊಳಗೆ ಜೋರಾಗಿ ಒತ್ತಿದರೆ ಒಸಡಿಗೆ ಗಾಯವಾಗುತ್ತದೆ. ಹಿಂದೆ ಮುಂದೆ ಮೆಲ್ಲಗೆ ಎಳೆಯುತ್ತಾ ಇಳಿಸಬೇಕು. ಇಳಿದ ಮೇಲೆ ಹೆಚ್ಚಿನವರು ಅಲ್ಲಿಗೇ ಮುಗಿಸಿ ಹೊರಗೆಳೆಯುತ್ತಾರೆ. ನಿಜವಾದ ಕೆಲಸ ಶುರುವಾಗುವುದೇ ಆಗ. ದಾರವನ್ನು ಒಂದು ಹಲ್ಲಿನ ಗೋಡೆಗೆ ಅರ್ಧಚಂದ್ರದಂತೆ ಬಳಸಿ, ಒಸಡಿನ ಅಂಚಿನ ತುಸು ಕೆಳಗಿನವರೆಗೆ ಇಳಿಸಿ, ಮೇಲೆ ಕೆಳಗೆ ನಾಲ್ಕೈದು ಸಲ ಉಜ್ಜಬೇಕು. ಆಮೇಲೆ ಅದೇ ಸಂದಿನ ಎದುರು ಗೋಡೆಗೆ. ಮಕ್ಕಳಿಗೆ ಹಿಡಿಯಿರುವ ಫ್ಲಾಸ್ ಅನುಕೂಲ. ಬ್ರಷ್ ಮಾಡುವ ಮೊದಲೇ ಫ್ಲಾಸ್ ಮುಗಿಸುವುದು ಮೇಲು. ತೆರವಾದ ಸಂದಿಗೆ ಪೇಸ್ಟಿನ ಫ್ಲೋರೈಡ್ ಆಗ ಹೆಚ್ಚು ತಲುಪುತ್ತದೆ. ಒಸಡು ಜರುಗಿ ಸಂದು ಅಗಲವಾಗಿರುವ ಹಿರಿಯರಿಗೆ ದಾರಕ್ಕಿಂತ ಸಂದಿನೊಳಗೆ ತೂರುವ ಪುಟ್ಟ ಬ್ರಷ್ ಒಳ್ಳೆಯದು, ಅದರ ಅಳತೆಯನ್ನು ಮೊದಲ ಸಲ ದಂತವೈದ್ಯರಿಂದಲೇ ಕೇಳಿ ತಿಳಿಯಬೇಕು.

ದಾರ ಕೆಲವು ಸಂಗತಿಗಳನ್ನು ತಾನಾಗಿಯೇ ತಿಳಿಸುತ್ತದೆ. ಪ್ರತಿ ಸಲವೂ ಒಂದೇ ಸಂದಿನಲ್ಲಿ ಎಳೆ ಬಿಚ್ಚಿಕೊಳ್ಳುತ್ತಿದ್ದರೆ ಅಲ್ಲಿ ಹುಳುಕಿನ ಗುಳಿಯೋ, ಹಳೆಯ ಫಿಲ್ಲಿಂಗಿನ ಚೂಪಾದ ಅಂಚೋ, ಗಟ್ಟಿಗೊಂಡ ಪ್ಲಾಕೋ ಇರಬಹುದು. ಮೊದಲ ಕೆಲವು ದಿನ ರಕ್ತ ಕಂಡರೆ ಗಾಬರಿಯಾಗಿ ನಿಲ್ಲಿಸಬೇಡಿ. ದಾರ ಮೆಲ್ಲಗೆ ಆಡುತ್ತಿದ್ದರೂ ರಕ್ತ ಬರುವುದಾದರೆ ಅದು ಹೆಚ್ಚಾಗಿ ಒಸಡಿನಲ್ಲಿ ಆಗಲೇ ಇದ್ದ ಉರಿಯೂತದ ಗುರುತು, ದಿನವೂ ಮಾಡಿದರೆ ವಾರದ ಆಸುಪಾಸಿನಲ್ಲಿ ಕಡಿಮೆಯಾಗುತ್ತದೆ. ಎರಡು ವಾರ ಕಳೆದರೂ ಒಂದೇ ಕಡೆ ರಕ್ತ ಬರುತ್ತಿದ್ದರೆ, ಆ ಸಂದು ಯಾವುದೆಂದು ಗುರುತಿಟ್ಟುಕೊಂಡು ಹೋಗಿ ದಂತವೈದ್ಯರಿಗೆ ತೋರಿಸಿ.