ಅಳುವಿಗೆ ಕಾಯದ ತಾಳ

ಸ್ವೀಡನ್ನಿನ ಗಾಯಕಿ ರಾಬಿನ್ ಅವರ ‘ಡಾನ್ಸಿಂಗ್ ಆನ್ ಮೈ ಓನ್’ ಹಾಡನ್ನು ಮೊದಲ ಸಲ ಕೇಳಿದವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಇಷ್ಟು ನೋವಿನ ಹಾಡಿಗೆ ಇಷ್ಟು ಜೋರಾದ ಬೀಟ್ ಏಕೆ? ಧ್ವನಿಮಿಶ್ರಣವೇ ಕಸುಬಾಗಿರುವ ನನಗೆ ಹಾಡಿನ ಜೀವ ಇರುವುದೇ ಆ ಬೀಟ್‌ನಲ್ಲಿ ಎನಿಸಿದೆ.

ಕತೆ ಚಿಕ್ಕದು. ಪ್ರೀತಿಸಿದವನಿಗೆ ಹೊಸ ಗೆಳತಿ ಸಿಕ್ಕಿದ್ದಾಳೆಂಬ ಸುದ್ದಿ ಹಾಡಿನ ನಾಯಕಿಯ ಕಿವಿಗೆ ಬಿದ್ದಿದೆ. ಕಣ್ಣಾರೆ ಕಾಣಲೆಂದು ಕ್ಲಬ್ಬಿಗೆ ಬಂದವಳು ಮೂಲೆಯಲ್ಲಿ ನಿಂತು ಅವರಿಬ್ಬರ ಮುತ್ತನ್ನು ನೋಡುತ್ತಾಳೆ. ಅವನಿಗೆ ಇವಳು ಕಾಣುವುದೇ ಇಲ್ಲ. ಅವಳು ಜಗಳವಾಡುವುದಿಲ್ಲ, ಹತ್ತಿರ ಹೋಗಿ ಮಾತನಾಡಿಸುವುದೂ ಇಲ್ಲ, ಒಬ್ಬಳೇ ಕುಣಿಯುತ್ತಾಳೆ.

ಈಗ ಪದಗಳನ್ನು ಮರೆತು ಕೆಳಗಿನ ಬೇಸ್ ಸಿಂಥಸೈಜರನ್ನಷ್ಟೇ, ಅಂದರೆ ತಗ್ಗು ಸ್ವರ ಹೊಮ್ಮಿಸುವ ವಿದ್ಯುನ್ಮಾನ ಯಂತ್ರವನ್ನಷ್ಟೇ, ಹಿಂಬಾಲಿಸಿ. ನಿಮಿಷಕ್ಕೆ ಸುಮಾರು 117 ಬಡಿತ, ಅಂದರೆ ಎರಡು ಸೆಕೆಂಡಿಗೆ ಹತ್ತಿರಹತ್ತಿರ ನಾಲ್ಕು. ಗರಗರನೆ ಕೊರೆಯುವ ಆ ನಾದ ಹಾಡಿನುದ್ದಕ್ಕೂ ಒಂದೇ ಹಟದಲ್ಲಿ ಮಿಡಿಯುತ್ತದೆ. ಪಕ್ಕವಾದ್ಯದವನು ಗಾಯಕಿಯ ಕಂಠ ಬಿಗಿದಾಗ ಕೈ ಸಡಿಲಿಸುತ್ತಾನೆ, ಅವಳ ಉಸಿರಿಗೆ ಕಾಯುತ್ತಾನೆ. ಯಂತ್ರ ಕಾಯುವುದಿಲ್ಲ. ಆ ಕ್ಲಬ್ಬಿನಲ್ಲಿ ಅವಳಿಗಾಗಿ ಯಾರೂ ನಿಲ್ಲದ ಹಾಗೆಯೇ ತಾಳವೂ ನಿಲ್ಲುವುದಿಲ್ಲ. ಒಮ್ಮುಖ ಪ್ರೀತಿಯ ಒಂಟಿತನವನ್ನು ಇದಕ್ಕಿಂತ ನಿಖರವಾಗಿ ಹೇಳಿದ ವಾದ್ಯಸಂಯೋಜನೆಯನ್ನು ನಾನು ಕೇಳಿಲ್ಲ.

2010ರಲ್ಲಿ ಬಂದ ಈ ಹಾಡನ್ನು ರಾಬಿನ್ ಬರೆದದ್ದು ಗೀತರಚನಕಾರ, ನಿರ್ಮಾಪಕ ಪ್ಯಾಟ್ರಿಕ್ ಬರ್ಗರ್ ಜೊತೆಗೂಡಿ. ಅಷ್ಟು ಹೊತ್ತಿಗೆ ರಾಬಿನ್ ದೊಡ್ಡ ಸಂಗೀತ ಕಂಪನಿಯ ಹಂಗು ತೊರೆದು, 2005ರಲ್ಲಿ ತಮ್ಮದೇ ಕೊನಿಚಿವಾ ರೆಕಾರ್ಡ್ಸ್ ಕಟ್ಟಿಕೊಂಡಿದ್ದರು. ಕುಣಿಸುತ್ತಲೇ ಅಳಿಸುವ ಹಳೆಯ ಡಿಸ್ಕೊ ಹಾಡುಗಳ, ಅದರಲ್ಲೂ ಸಲಿಂಗಿಗಳ ಕ್ಲಬ್ಬುಗಳಲ್ಲಿ ಮೆರೆದ ಹಾಡುಗಳ, ಋಣ ಇದರ ಮೇಲಿದೆ. 1977ರಲ್ಲಿ ಅಮೆರಿಕದ ಗಾಯಕಿ ಡೊನಾ ಸಮರ್ ಹಾಡಿದ ‘ಐ ಫೀಲ್ ಲವ್’ಗೆ ಸಂಗೀತ ನಿರ್ಮಾಪಕ ಜಾರ್ಜಿಯೊ ಮೊರೊಡರ್ ತಂಡ ಮೂಗ್ ಸಿಂಥಸೈಜರ್ ಮಿಡಿತ ಕೂಡಿಸಿದಾಗಲೇ ಯಂತ್ರದ ಲಯ ಮತ್ತು ಮನುಷ್ಯನ ಬಯಕೆಯ ನಂಟು ಬೆಸೆದುಕೊಂಡಿತ್ತು.

ಕಳೆದ ವರ್ಷ ಒಬ್ಬ ಯುವಗಾಯಕಿ ಇಂಥದ್ದೇ ಹಾಡು ತಂದಿದ್ದಳು. ‘ಸರ್, ಪಲ್ಲವಿಯಲ್ಲಿ ಡ್ರಮ್ಸ್ ತೆಗೆದುಬಿಡಿ, ದುಃಖ ಚೆನ್ನಾಗಿ ಕೇಳಿಸಲಿ’ ಎಂದಳು. ತೆಗೆದೆ. ದುಃಖ ಸೊರಗಿತು, ಸುತ್ತಲಿನ ಜನಜಂಗುಳಿ ಮಾಯವಾಗಿ, ಮುಚ್ಚಿದ ಕೋಣೆಯಲ್ಲಿ ಕುಳಿತು ಅಳುವವಳ ದನಿಯಾಯಿತು. ಡ್ರಮ್ಸ್ ಮರಳಿ ಹಾಕಿ, ಅವಳ ದನಿಗೆ ಹಚ್ಚಿದ್ದ ಪ್ರತಿಧ್ವನಿಯನ್ನು ಮಾತ್ರ ಇಳಿಸಿದೆ. ಗದ್ದಲದ ನಡುವೆ ಯಾರೋ ಕಿವಿಯ ಹತ್ತಿರ ಬಂದು ಹೇಳಿದಂತಾಯಿತು. ಅವಳು ಹೆಡ್‌ಫೋನ್ ತೆಗೆಯದೆ ಇನ್ನೊಮ್ಮೆ ಕೇಳಿದಳು.

ಬ್ರಿಟಿಷ್ ಗಾಯಕ ಕ್ಯಾಲಮ್ ಸ್ಕಾಟ್ ಇದೇ ‘ಡಾನ್ಸಿಂಗ್ ಆನ್ ಮೈ ಓನ್’ ಅನ್ನು ಬೀಟ್ ಕಳಚಿ, ಪಿಯಾನೊದೊಂದಿಗೆ ನಿಧಾನವಾಗಿ ಹಾಡಿದ್ದಾರೆ. 2016ರಲ್ಲಿ ಅದೂ ಜನಪ್ರಿಯವಾಯಿತು. ಮನ ಕರಗಿಸುತ್ತದೆ, ಒಪ್ಪುತ್ತೇನೆ. ಆದರೆ ಅಲ್ಲಿ ಕುಣಿಯಲು ನೆಲವೇ ಉಳಿದಿಲ್ಲ.

2019ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರಾಬಿನ್ ಕಛೇರಿ ಮುಗಿದ ಮೇಲೆ, ಮನೆಗೆ ಹೊರಟಿದ್ದ ಅಭಿಮಾನಿಗಳು ಮೆಟ್ರೊ ಪ್ಲಾಟ್‌ಫಾರ್ಮಿನಲ್ಲಿ ಒಟ್ಟಾಗಿ ಈ ಹಾಡನ್ನೇ ಹಾಡಿಕೊಂಡು ಕುಣಿದರು. ಆ ವಿಡಿಯೊ ನೋಡಿ. ಯಂತ್ರವಿಲ್ಲ, ಸ್ಪೀಕರಿಲ್ಲ; ತಾಳವನ್ನು ಜನರೇ ಹಿಡಿದಿದ್ದಾರೆ.