ಹರ್ಡಲ್ಸ್‌ನಲ್ಲಿ ನಂಬಲಾಗದಷ್ಟು ವೇಗದ ಸಮಯ ಬಂದಾಗ ಗಡಿಯಾರವನ್ನು ಅನುಮಾನಿಸಬೇಕೇ?

ಓದುಗರ ಪ್ರಶ್ನೆ: ಒಂದೇ ಸಂಜೆಯ ಹರ್ಡಲ್ಸ್ ಓಟಗಳಲ್ಲಿ ಹಲವರು ಒಟ್ಟಿಗೆ ತಮ್ಮ ಜೀವನಶ್ರೇಷ್ಠ ಸಮಯ ದಾಖಲಿಸಿ, ವಿಶ್ವದಾಖಲೆಯೂ ದೊಡ್ಡ ಅಂತರದಿಂದ ಮುರಿದರೆ, ಸಮಯ ಅಳೆಯುವ ವ್ಯವಸ್ಥೆಯಲ್ಲೇ ದೋಷವಿರಬಹುದಲ್ಲವೇ? 2022ರ ವಿಶ್ವ ಚಾಂಪಿಯನ್‌ಷಿಪ್‌ನ ಮಹಿಳೆಯರ 100 ಮೀಟರ್ ಹರ್ಡಲ್ಸ್ ಸಮಯಗಳನ್ನು ನಂಬಬಹುದೇ?

ಉತ್ತರ: ಅನುಮಾನ ಪಡುವುದರಲ್ಲಿ ತಪ್ಪಿಲ್ಲ. ಆದರೆ ವ್ಯವಸ್ಥೆಯ ಯಾವ ಭಾಗವನ್ನು, ಎಷ್ಟರಮಟ್ಟಿಗೆ ಅನುಮಾನಿಸುತ್ತಿದ್ದೇವೆ ಎಂಬುದನ್ನು ಹೇಳದಿದ್ದರೆ ಅದು ಬರೀ ಗೊಣಗಾಟವಾಗುತ್ತದೆ. ಹಾಗೆ ಬಿಡಿಸಿ ನೋಡಿದಾಗ, ಆ ಸಂಜೆಯ ಸಮಯಗಳು ಬಹುಮಟ್ಟಿಗೆ ಸರಿಯಾಗಿಯೇ ಇದ್ದವು ಎಂಬ ತೀರ್ಮಾನಕ್ಕೆ ನಾನು ಬರುತ್ತೇನೆ.

ಮೊದಲು ನಡೆದದ್ದನ್ನು ನೆನಪಿಸಿಕೊಳ್ಳೋಣ. ಅಮೆರಿಕದ ಯೂಜೀನ್‌ನಲ್ಲಿ 2022ರ ಜುಲೈ 24ರಂದು ನಡೆದ ಸೆಮಿಫೈನಲ್‌ನಲ್ಲಿ ನೈಜೀರಿಯಾದ ಟೋಬಿ ಅಮುಸನ್ 12.12 ಸೆಕೆಂಡ್‌ಗಳಲ್ಲಿ ಗುರಿ ಮುಟ್ಟಿ, ಕೆಂಡ್ರಾ ಹ್ಯಾರಿಸನ್ 2016ರಲ್ಲಿ ಲಂಡನ್‌ನಲ್ಲಿ ಸ್ಥಾಪಿಸಿದ್ದ 12.20 ಸೆಕೆಂಡ್‌ಗಳ ವಿಶ್ವದಾಖಲೆಯನ್ನು ಮುರಿದರು. ಹ್ಯಾರಿಸನ್ ಅವರ ದಾಖಲೆಯಾದರೂ ಬಲ್ಗೇರಿಯಾದ ಯೊರ್ಡಾಂಕಾ ಡೊಂಕೋವಾ 1988ರಲ್ಲಿ ಓಡಿದ್ದ 12.21ನ್ನು ಕೇವಲ 0.01 ಸೆಕೆಂಡ್‌ನಿಂದ ಸರಿಸಿತ್ತು. ಇಪ್ಪತ್ತೆಂಟು ವರ್ಷಗಳಲ್ಲಿ 0.01 ಸೆಕೆಂಡ್‌ನಷ್ಟು ಮಾತ್ರ ಅಲುಗಾಡಿದ್ದ ದಾಖಲೆ ಒಂದೇ ಓಟದಲ್ಲಿ 0.08 ಸೆಕೆಂಡ್ ಕೆಳಗಿಳಿದಾಗ ಹುಬ್ಬೇರುವುದು ಸಹಜವೇ. ವೀಕ್ಷಕ ವಿವರಣೆಗೆ ಬಂದಿದ್ದ ಮಾಜಿ ಓಟಗಾರ ಮೈಕೆಲ್ ಜಾನ್ಸನ್, ಸೆಮಿಫೈನಲ್‌ಗಳಲ್ಲಿ 12 ಮಂದಿ ಜೀವನಶ್ರೇಷ್ಠ ಸಮಯ ಓಡಿದ್ದನ್ನೂ 5 ರಾಷ್ಟ್ರೀಯ ದಾಖಲೆಗಳು ಬಂದದ್ದನ್ನೂ ಎತ್ತಿ ತೋರಿಸಿ, ಸಮಯಗಳು ಸರಿಯೆಂದು ತಮಗೆ ಅನಿಸುವುದಿಲ್ಲ ಎಂದು ಬಹಿರಂಗವಾಗಿಯೇ ಹೇಳಿದರು. ಪರದೆಯ ಮೇಲೆ ಮೊದಲು ಕಂಡ ಸಮಯಕ್ಕೂ ಅನಂತರ ಬಂದ ಸಮಯಕ್ಕೂ ಒಂದು ಓಟದಲ್ಲಿ 0.10 ಸೆಕೆಂಡ್ ವ್ಯತ್ಯಾಸವಿದ್ದುದು ಅವರ ಇನ್ನೊಂದು ಆಕ್ಷೇಪವಾಗಿತ್ತು. ಅವರು ಪ್ರಶ್ನಿಸಿದ್ದು ಯಂತ್ರವನ್ನೇ ಹೊರತು ಓಟಗಾರ್ತಿಯರನ್ನಲ್ಲ. ಆದರೂ ಅವರ ಮೇಲೆ ಬೈಗುಳದ ಮಳೆಯೇ ಸುರಿಯಿತು.

ಪರದೆಯ ಮೇಲಿನ ಸಮಯದ ವಿಚಾರವನ್ನು ಬೇಗ ಮುಗಿಸಬಹುದು. ಓಟ ಮುಗಿಯುತ್ತಿದ್ದಂತೆ ಕ್ರೀಡಾಂಗಣದಲ್ಲೂ ಟಿವಿಯಲ್ಲೂ ನಿಲ್ಲುವ ಗಡಿಯಾರ ಅಧಿಕೃತವಲ್ಲ. ಅದನ್ನು ನಿಲ್ಲಿಸುವುದು ಅಂತಿಮ ಗೆರೆಗೆ ಅಡ್ಡಲಾಗಿ ಹಾಯ್ದಿರುವ ಬೆಳಕಿನ ಕಿರಣ. ಮುಂದೆ ಚಾಚಿದ ತೋಳು ಅದನ್ನು ಬೇಗ ತುಂಡರಿಸಬಹುದು; ಬಾಗಿ ಬಂದ ದೇಹ ಸರಿಯಾಗಿ ಅಡ್ಡ ಬರದೆ ತಡವಾಗಿಯೂ ತುಂಡರಿಸಬಹುದು. ಆ ಸಂಖ್ಯೆ ಬದಲಾಯಿತು ಎಂಬುದರಿಂದ ಅಧಿಕೃತ ಸಮಯ ತಪ್ಪೆಂದು ಹೇಳಲಾಗದು, ಏಕೆಂದರೆ ಅಧಿಕೃತ ಸಮಯ ಬರುವುದು ಬೇರೆಯೇ ಸಾಧನದಿಂದ.

ಆ ಸಾಧನವೇ ಫೋಟೋ ಫಿನಿಷ್ ಕ್ಯಾಮೆರಾ. ಇದು ಇಡೀ ದೃಶ್ಯವನ್ನು ಒಮ್ಮೆಲೇ ಸೆರೆಹಿಡಿಯುವುದಿಲ್ಲ. ಅಂತಿಮ ಗೆರೆಯ ಮೇಲಿನ ಕೂದಲೆಳೆಯಷ್ಟು ತೆಳುವಾದ ಒಂದೇ ಪಟ್ಟಿಯನ್ನು ಸೆಕೆಂಡಿಗೆ ಕನಿಷ್ಠ 1000 ಬಾರಿ ತೆಗೆದು, ಆ ಪಟ್ಟಿಗಳನ್ನು ಒಂದರ ಪಕ್ಕ ಒಂದರಂತೆ ಜೋಡಿಸುತ್ತದೆ. ಹೀಗಾಗಿ ಚಿತ್ರದ ಎಡಬಲ ಅಳತೆ ದೂರವನ್ನಲ್ಲ, ಸಮಯವನ್ನು ಸೂಚಿಸುತ್ತದೆ. ಗೆರೆಯ ಮೇಲೆ ಕ್ಷಣಕಾಲ ಊರಿದ ಪಾದ ಈ ಚಿತ್ರದಲ್ಲಿ ರಬ್ಬರಿನಂತೆ ಉದ್ದಕ್ಕೆ ಎಳೆದುಕೊಂಡು ಕಾಣುವುದು ಇದೇ ಕಾರಣಕ್ಕೆ. ತೀರ್ಪುಗಾರರು ತಲೆ, ಕುತ್ತಿಗೆ, ಕೈಕಾಲುಗಳನ್ನು ಬಿಟ್ಟು, ಮುಂಡದ ಮುಂಭಾಗ ಗೆರೆಯ ಈಚೆಗಿನ ಅಂಚನ್ನು ತಲುಪಿದ ಕ್ಷಣಕ್ಕೆ ಸೂಚಕವನ್ನು ತಂದು ಸಮಯ ಓದುತ್ತಾರೆ. ಅನಂತರ ಅದನ್ನು ಮುಂದಿನ 0.01 ಸೆಕೆಂಡ್‌ಗೆ ಏರಿಸಲಾಗುತ್ತದೆ, ಅಂದರೆ 12.111 ಎಂದು ಬಂದರೂ ದಾಖಲಾಗುವುದು 12.12 ಎಂದೇ. ಸಂದೇಹ ಬಂದಾಗ ಇಲ್ಲಿ ಆಗುವ ಚರ್ಚೆ ಒಂದೆರಡು ಸಾವಿರಾಂಶದ್ದು, ಹತ್ತನೇ ಒಂದು ಭಾಗದ್ದಲ್ಲ.

ಈ ತುದಿಯಲ್ಲಿ ತಪ್ಪೇ ಆಗಿಲ್ಲವೆಂದಲ್ಲ. 2006ರ ಮೇ ತಿಂಗಳಲ್ಲಿ ದೋಹಾದಲ್ಲಿ ಜಸ್ಟಿನ್ ಗ್ಯಾಟ್ಲಿನ್ 100 ಮೀಟರ್ ಓಟವನ್ನು 9.76 ಸೆಕೆಂಡ್‌ಗಳಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದರೆಂದು ಘೋಷಿಸಲಾಯಿತು. ನಿಜವಾದ ಅಳತೆ 9.766 ಆಗಿತ್ತು. ನಿಯಮದಂತೆ ಮೇಲಕ್ಕೆ ಏರಿಸಬೇಕಿದ್ದನ್ನು ಕೆಳಕ್ಕೆ ಇಳಿಸಲಾಗಿತ್ತು. ಕೆಲವೇ ದಿನಗಳಲ್ಲಿ ಸಮಯವನ್ನು 9.77ಕ್ಕೆ ತಿದ್ದಲಾಯಿತು, ಹೊಸ ದಾಖಲೆಯು ದಾಖಲೆಯ ಸರಿಗಟ್ಟುವಿಕೆಯಾಯಿತು. ತಪ್ಪಿನ ಗಾತ್ರ ಎಷ್ಟೆಂಬುದನ್ನು ಗಮನಿಸಿ: 0.01 ಸೆಕೆಂಡ್.

ಹಾಗಾದರೆ ದೊಡ್ಡ ದೋಷಕ್ಕೆ ಎಡೆ ಇರುವುದು ಆರಂಭದ ತುದಿಯಲ್ಲಿ ಮಾತ್ರ. ಪಿಸ್ತೂಲಿನ ಸಂಕೇತ ಗಡಿಯಾರವನ್ನು ತಡವಾಗಿ ತಲುಪಿದರೆ ಎಲ್ಲರ ಸಮಯವೂ ಅಷ್ಟೇ ಕಡಿಮೆಯಾಗಿ ತೋರುತ್ತದೆ. ಇದನ್ನು ತಡೆಯಲೆಂದೇ ಸ್ಪರ್ಧೆಗೆ ಮುನ್ನ ಶೂನ್ಯ ಪರೀಕ್ಷೆ ನಡೆಸುತ್ತಾರೆ. ಪಿಸ್ತೂಲನ್ನು ಕ್ಯಾಮೆರಾದ ಕಣ್ಣೆದುರಿಗೇ ಹಾರಿಸಿ, ಚಿತ್ರದಲ್ಲಿ ಕಾಣುವ ಕ್ಷಣಕ್ಕೂ ಗಡಿಯಾರ ಆರಂಭವಾದ ಕ್ಷಣಕ್ಕೂ ಇರುವ ಅಂತರ 0.001 ಸೆಕೆಂಡ್ ಮೀರುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಲಾಗುತ್ತದೆ. ವಿಶ್ವದಾಖಲೆಯ ಅರ್ಜಿಯೊಂದಿಗೆ ಓಟದ ಚಿತ್ರವನ್ನಷ್ಟೇ ಅಲ್ಲ, ಈ ಪರೀಕ್ಷೆಯ ಚಿತ್ರವನ್ನೂ ಸಲ್ಲಿಸಬೇಕು.

ಪರೀಕ್ಷೆಯ ನಂತರ ಏನಾದರೂ ಕೆಟ್ಟಿದ್ದರೆ ಎಂದು ಹಠಮಾರಿ ಸಂಶಯವಾದಿ ಕೇಳಬಹುದು. ಅದಕ್ಕೂ ಒಂದು ಉತ್ತರವಿದೆ, ಮತ್ತು ಇಡೀ ವಾದದಲ್ಲಿ ನನಗೆ ಅತ್ಯಂತ ಬಲವಾಗಿ ಕಾಣುವುದು ಅದೇ. ಓಟ ಆರಂಭಿಸುವಾಗ ಪಾದ ಊರುವ ಸ್ಟಾರ್ಟಿಂಗ್ ಬ್ಲಾಕ್‌ಗಳಲ್ಲಿರುವ ಸಂವೇದಕಗಳು ಗುಂಡಿನ ಸದ್ದಿಗೂ ಓಟಗಾರರು ಬ್ಲಾಕನ್ನು ಒದೆಯುವುದಕ್ಕೂ ನಡುವಿನ ಪ್ರತಿಕ್ರಿಯಾ ಸಮಯವನ್ನು ಅಳೆಯುತ್ತವೆ, ಅದು 0.100 ಸೆಕೆಂಡ್‌ಗಿಂತ ಕಡಿಮೆಯಾದರೆ ತಪ್ಪು ಆರಂಭ. ಉನ್ನತ ಮಟ್ಟದ ಸ್ಪರ್ಧಿಗಳ ಪ್ರತಿಕ್ರಿಯೆ ಸಾಮಾನ್ಯವಾಗಿ 0.12ರಿಂದ 0.16 ಸೆಕೆಂಡ್‌ನ ಆಸುಪಾಸಿನಲ್ಲಿರುತ್ತದೆ. ಗಡಿಯಾರಕ್ಕೂ ಈ ಸಂವೇದಕಗಳಿಗೂ ಆರಂಭ ಬಿಂದು ಒಂದೇ ಸಂಕೇತ ಎಂದಿಟ್ಟುಕೊಂಡರೆ, ಆ ಸಂಕೇತ 0.08 ಸೆಕೆಂಡ್ ತಡವಾಗಿದ್ದಲ್ಲಿ ಪ್ರತಿಯೊಬ್ಬರ ಪ್ರತಿಕ್ರಿಯೆಯೂ 0.04ರಿಂದ 0.08ಕ್ಕೆ ಕುಸಿದು, ಎಂಟೂ ಲೇನ್‌ಗಳವರು ತಪ್ಪು ಆರಂಭದ ಆರೋಪಕ್ಕೆ ಗುರಿಯಾಗಿ ಓಟವೇ ನಿಲ್ಲುತ್ತಿತ್ತು. ಓಟ ಮುಂದುವರಿಯಿತು ಎಂಬುದರಿಂದಲೇ ವಿಳಂಬ ಇದ್ದರೂ ಹೆಚ್ಚೆಂದರೆ 0.03 ಸೆಕೆಂಡ್‌ನಷ್ಟಿರಬಹುದು ಎಂಬ ಮಿತಿ ಸಿಗುತ್ತದೆ. ಆ 0.03ನ್ನು ಪೂರ್ತಿ ಸೇರಿಸಿದರೂ ಅಮುಸನ್ ಅವರ ಓಟ 12.15 ಆಗುತ್ತದೆ, ಆಗಲೂ ವಿಶ್ವದಾಖಲೆಯೇ.

ಹೊರಗಿನಿಂದಲೂ ಪರೀಕ್ಷಿಸಬಹುದು. ಸೆಕೆಂಡಿಗೆ 50 ಚೌಕಟ್ಟುಗಳ ಪ್ರಸಾರ ವಿಡಿಯೊದಲ್ಲಿ ಒಂದು ಚೌಕಟ್ಟು ಎಂದರೆ 0.02 ಸೆಕೆಂಡ್; 0.10 ಸೆಕೆಂಡ್‌ನ ದೋಷ ಐದು ಚೌಕಟ್ಟುಗಳಷ್ಟಾಗುತ್ತದೆ, ತಾಳ್ಮೆಯಿಂದ ಎಣಿಸುವವರ ಕಣ್ಣಿಗೆ ಅದು ತಪ್ಪುವುದಿಲ್ಲ. ಹರ್ಡಲ್ಸ್ ಇದಕ್ಕೆ ಹೇಳಿ ಮಾಡಿಸಿದ ಓಟ: ಮೊದಲ ಹರ್ಡಲ್‌ಗೆ 13 ಮೀಟರ್, ಮುಂದಿನ ಪ್ರತಿ ಅಂತರ 8.5 ಮೀಟರ್, ಕೊನೆಯದರಿಂದ ಗೆರೆಗೆ 10.5 ಮೀಟರ್. ಪ್ರತಿ ಹರ್ಡಲ್ ದಾಟಿ ಕಾಲೂರಿದ ಕ್ಷಣಗಳನ್ನು ಗುರುತಿಸುತ್ತಾ ಹೋದರೆ ಆರಂಭದ ಗುಂಡಿನ ಗೊಡವೆಯೇ ಇಲ್ಲದೆ ಓಟದ ಲಯ ತಿಳಿಯುತ್ತದೆ. ಆರಂಭದ ದೋಷ ಈ ಮಧ್ಯದ ಅಂತರಗಳನ್ನು ಬದಲಾಯಿಸಲಾರದು. ಅವೂ ವೇಗವಾಗಿದ್ದರೆ ಓಟಗಾರ್ತಿಯೇ ವೇಗವಾಗಿ ಓಡಿದ್ದಾಳೆ ಎಂದರ್ಥ.

ಗಡಿಯಾರ ಸರಿಯಿದ್ದೂ ಸಮಯ ಮೋಸಗೊಳಿಸುವುದು ಗಾಳಿಯ ವಿಚಾರದಲ್ಲಿ. ಹಿಂದಿನಿಂದ ಬೀಸುವ ಗಾಳಿ ಸೆಕೆಂಡಿಗೆ 2.0 ಮೀಟರ್ ಮೀರಿದರೆ ದಾಖಲೆ ಮಾನ್ಯವಾಗುವುದಿಲ್ಲ. 1988ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ 100 ಮೀಟರ್ ಓಟವನ್ನು 10.49 ಸೆಕೆಂಡ್‌ಗಳಲ್ಲಿ ಮುಗಿಸಿದಾಗ ಗಾಳಿಮಾಪಕ 0.0 ಎಂದಿತು, ಅದೇ ಹೊತ್ತಿಗೆ ಪಕ್ಕದ ಟ್ರಿಪಲ್ ಜಂಪ್ ಅಂಕಣದ ಮಾಪಕ 4.3 ಎಂದಿತು. ನನ್ನ ಮಟ್ಟಿಗೆ ಸಂಶಯಕ್ಕೆ ಯೋಗ್ಯವಾದ ದಾಖಲೆ ಅದು, ಆದರೆ ಅಲ್ಲಿ ಅನುಮಾನಿಸಬೇಕಾದದ್ದು ಗಡಿಯಾರವನ್ನಲ್ಲ. ಯೂಜೀನ್‌ನಲ್ಲಿ ಅಮುಸನ್ ಅವರ ಸೆಮಿಫೈನಲ್‌ನ ಗಾಳಿ +0.9 ಮಾತ್ರ. ಅದೇ ಸಂಜೆ ಫೈನಲ್‌ನಲ್ಲಿ ಅವರು 12.06ರಲ್ಲಿ ಗೆದ್ದಾಗ ಗಾಳಿ +2.5 ಇದ್ದುದರಿಂದ ಆ ಸಮಯ ದಾಖಲೆಯ ಪುಸ್ತಕ ಸೇರಲಿಲ್ಲ.

ಇಷ್ಟು ಮಂದಿ ಒಂದೇ ದಿನ ವೇಗವಾಗಿ ಓಡಿದ್ದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಇಡೀ ಋತುವಿನ ತಯಾರಿ ಅದೇ ವಾರಕ್ಕೆ ಮಾಗುವಂತೆ ಯೋಜಿಸಿಕೊಂಡವರು, ಫೈನಲ್ ಪ್ರವೇಶಕ್ಕಾಗಿ ಕೊನೆಯ ಹೆಜ್ಜೆಯವರೆಗೂ ಬಿಡದೆ ಓಡಬೇಕಾದ ಸೆಮಿಫೈನಲ್, ಹೊಸ ಕ್ರೀಡಾಂಗಣದ ವೇಗದ ಹಾದಿ, ಪುಟಿತ ಹೆಚ್ಚಿಸುವ ಹೊಸ ನೊರೆಪದರದ ಬೂಟುಗಳು, ಇವೆಲ್ಲ ಒಟ್ಟಿಗೆ ಸೇರಿದ್ದವು. ಅಮುಸನ್ ತೊಟ್ಟಿದ್ದು ದೂರದ ಓಟಗಳಿಗೆಂದು ತಯಾರಾದ ಸ್ಪೈಕ್ಸ್ (ಮೊಳೆಬೂಟು). ಹಿಂದಿನ ದಿನದ ಹೀಟ್ಸ್‌ನಲ್ಲೇ (ಮೊದಲ ಸುತ್ತಿನಲ್ಲೇ) 12.40ರೊಂದಿಗೆ ಆಫ್ರಿಕಾದ ದಾಖಲೆ ಮಾಡಿದ್ದವರು ಅವರು, ಎಲ್ಲಿಂದಲೋ ದಿಢೀರನೆ ಬಂದವರಲ್ಲ. ಒಂದು ವಾರದ ಹಿಂದೆ ಅದೇ ಕ್ರೀಡಾಂಗಣದಲ್ಲಿ ಗ್ರ್ಯಾಂಟ್ ಹಾಲೋವೇ ಪುರುಷರ 110 ಮೀಟರ್ ಹರ್ಡಲ್ಸನ್ನು 13.03ರಲ್ಲಿ ಗೆದ್ದಾಗ ಯಾರೂ ಗಡಿಯಾರದ ಮಾತೆತ್ತಿರಲಿಲ್ಲ.

ಯೂಜೀನ್ ಬಗ್ಗೆ ನಿಜವಾಗಿಯೂ ಕೆದಕಬೇಕಾದ ಸಂಗತಿ ಇರುವುದು ಆ ಪುರುಷರ ಫೈನಲ್‌ನಲ್ಲಿಯೇ. ಅಲ್ಲಿ ಡೆವನ್ ಆಲನ್ ಅವರ ಪ್ರತಿಕ್ರಿಯಾ ಸಮಯ 0.099 ಎಂದು ದಾಖಲಾಗಿ, 0.001 ಸೆಕೆಂಡ್‌ಗೆ ಅವರನ್ನು ಹೊರಗಿಡಲಾಯಿತು. ಅದಕ್ಕೂ ಮುಂಚಿನ ಸೆಮಿಫೈನಲ್‌ನಲ್ಲಿ ಅವರದ್ದು 0.101 ಇತ್ತು. ಆ ಕೂಟದ ಪ್ರತಿಕ್ರಿಯಾ ಸಮಯಗಳು ಹಿಂದಿನ ಕೂಟಗಳಿಗಿಂತ ಒಟ್ಟಾರೆ ಕಡಿಮೆಯಿದ್ದುದನ್ನು ಅಂಕಿಅಂಶ ಬಲ್ಲವರು ತೋರಿಸಿಕೊಟ್ಟಿದ್ದಾರೆ. ಸಂವೇದಕದ ಕೆಲವೇ ಸಾವಿರಾಂಶದ ಒಲವು 12.12ರಂಥ ಸಮಯವನ್ನು ಅಲುಗಾಡಿಸಲಾರದು, ಆದರೆ 0.100 ಎಂಬ ಗೆರೆಯ ಆಚೀಚೆ ನಿಂತ ಓಟಗಾರನನ್ನು ಫೈನಲ್‌ನಿಂದಲೇ ಹೊರಹಾಕಲು ಅಷ್ಟು ಸಾಕು.